ಚೌಡಪ್ಪ ಊರು ಹುಡುಕಿದ್ದು

ಹೊಳೆಯ ಪಕ್ಕದ ಗುಡ್ಡದ ಮೇಲೆ ಅವಿಮುಕ್ತಯ್ಯನವರ ಆಶ್ರಮ. ಅಲ್ಲಿಗೆ ಜನ ಬರುತ್ತಿದ್ದುದು ಜ್ಞಾನ ಬೇಕೆಂದು. ಚೌಡಪ್ಪ ಬಂದದ್ದು ಹೆದರಿಕೊಂಡು.

ಅವನು ನೇಕಾರ. ಒಂದು ಮಧ್ಯಾಹ್ನ ಊಟಕ್ಕೆ ಕೂತಿದ್ದಾಗ ಹೊಳೆ ಊರೊಳಗೆ ನುಗ್ಗಿ ಅವನ ಮನೆಯನ್ನೂ ಮಗ್ಗವನ್ನೂ ಎಳೆದುಕೊಂಡು ಹೋಯಿತು. ಹೆಂಡತಿ ಅಚ್ಚಮ್ಮನನ್ನೂ ಮಗಳನ್ನೂ ಅವಳ ಅಣ್ಣನ ಮನೆಯಲ್ಲಿ ಬಿಟ್ಟು, "ಅಪಾಯವಿಲ್ಲದ ಊರು ನೋಡಿ ಕರೆಸಿಕೊಳ್ಳುತ್ತೇನೆ" ಎಂದು ಹೊರಟ. ಹೊರಟವನು ಆಶ್ರಮ ಸೇರಿ ಮೂರು ವರ್ಷವಾಯಿತು. ಧ್ಯಾನಕ್ಕೂ ಅವನು ಹೊಳೆಗೆ ಬೆನ್ನು ಹಾಕಿಯೇ ಕೂರುತ್ತಿದ್ದ.

ಒಂದು ದಿನ ದಾರಿಹೋಕನೊಬ್ಬ ಅಚ್ಚಮ್ಮ ಹೇಳಿಕಳಿಸಿದ ಮಾತು ತಂದ.

"ಮಗಳಿಗೆ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬಂದಾಯಿತಂತೆ. ಅತ್ತಿಗೆ ಬಡಿಸುವ ಸೌಟು ದಿನದಿನಕ್ಕೆ ಸಣ್ಣದಾಗುತ್ತಿದೆಯಂತೆ. ಊರು ಸಿಕ್ಕಿತೋ ಇಲ್ಲವೋ ಅಂತ ಕೇಳಿದ್ದಾರೆ."

ಚೌಡಪ್ಪ ಸೀದಾ ಗುರುಗಳ ಮುಂದೆ ಹೋಗಿ ಕೂತ.

"ಗುರುಗಳೇ, ಅಪಾಯವಿಲ್ಲದ ಊರು ಯಾವುದು?"

"ಎಂಥ ಅಪಾಯ?"

"ನೆರೆ, ಸಿಡಿಲು, ಬಿರುಗಾಳಿ, ಭೂಕಂಪ, ಕಾಳ್ಗಿಚ್ಚು. ಗುಡ್ಡ ಕುಸಿಯುವುದು."

"ಬರಗಾಲ ಬಿಟ್ಟೆಯಲ್ಲ."

"ಅದೂ ಇರಬಾರದು."

"ಆಲಿಕಲ್ಲು?"

ಚೌಡಪ್ಪನ ಮುಖ ಬಿಳುಚಿಕೊಂಡಿತು. ಆಲಿಕಲ್ಲಿನ ವಿಚಾರ ಮೂರು ವರ್ಷದಲ್ಲಿ ಒಂದು ಸಲವೂ ಅವನ ತಲೆಗೆ ಬಂದಿರಲಿಲ್ಲ.

"ಹೋಗಿ ನೋಡು," ಎಂದರು ಗುರುಗಳು. "ಪ್ರತಿ ಊರಿನಲ್ಲೂ ಅಲ್ಲಿಯವರನ್ನೇ ಕೇಳು."

"ಸಿಕ್ಕಿದ ಮೇಲೆ?"

"ನನಗೂ ಒಂದು ಮಾತು ಹೇಳಿಕಳಿಸು."

ಚೌಡಪ್ಪ ಮೊದಲು ಬೆಟ್ಟದ ಊರಿಗೆ ಹೋದ. ಹೊಳೆ ಎಷ್ಟೇ ಸೊಕ್ಕಿದರೂ ಬೆಟ್ಟ ಹತ್ತುವುದಿಲ್ಲ ಎಂಬುದು ಅವನ ಲೆಕ್ಕ. ಅಲ್ಲಿ ಒಬ್ಬ ಮುದುಕಿ ಮಜ್ಜಿಗೆ ಮಾರುತ್ತಿದ್ದಳು.

"ಅಜ್ಜಿ, ನಿಮ್ಮೂರಲ್ಲಿ ಅಪಾಯ ಏನಾದರೂ ಉಂಟಾ?"

"ಏನೂ ಇಲ್ಲಪ್ಪ. ತಣ್ಣಗಿದ್ದೀವಿ. ಬೆಟ್ಟ ಇಳಿದು ಬರುತ್ತೆ, ಅಷ್ಟೇ."

"ಬೆಟ್ಟ ಇಳಿದು ಬರುತ್ತಾ?"

"ಯಾವಾಗಲೂ ಇಲ್ಲ. ಜೋರು ಮಳೆ ಹಿಡಿದಾಗ. ಅಲ್ಲಿ ನೋಡು, ಅದು ನಮ್ಮ ಅತ್ತೆ ಮನೆ."

ಅವಳು ತೋರಿಸಿದ ಕಡೆ ಮನೆ ಇರಲಿಲ್ಲ. ಮಣ್ಣಿನ ದಿಬ್ಬದ ಮೇಲೆ ಅವರೆ ಬಳ್ಳಿ ಹಬ್ಬಿತ್ತು.

"ಕಾಯಿ ಚೆನ್ನಾಗಿ ಬಿಡುತ್ತೆ," ಎಂದಳು. "ನಿನ್ನದು ಯಾವೂರು?"

"ಹೊಳೆ ದಂಡೆ."

"ಅಯ್ಯೋ ಪಾಪ. ಅಂಥ ಕಡೆ ಜನ ಹೇಗಾದರೂ ಬದುಕುತ್ತಾರೋ." ಅವನಿಗೆ ಇನ್ನೊಂದು ಲೋಟ ಮಜ್ಜಿಗೆ ದುಡ್ಡು ಕೇಳದೆ ಕೊಟ್ಟಳು.

ಅಲ್ಲಿಂದ ಅವನು ಕಡಲ ದಂಡೆಗೆ ಇಳಿದ. ಬಲೆ ಹೆಣೆಯುತ್ತಿದ್ದ ಮೀನುಗಾರನೊಬ್ಬ ಸಿಕ್ಕಿದ.

"ಇಲ್ಲಿ ಹೆದರುವಂಥದ್ದು ಎಂಥದ್ದೂ ಇಲ್ಲ ಮಾರಾಯ್ರೆ," ಎಂದ ಅವನು. "ಗಾಳಿ ಬಂದರೆ ಮನೆಯ ಸೋಗೆ ಮಾಡು ಹಾರುತ್ತದೆ. ನನ್ನದು ಯಾವತ್ತೂ ಪಕ್ಕದ ಮನೆ ಶೀನನ ಅಂಗಳಕ್ಕೇ ಹೋಗಿ ಬೀಳುವುದು. ಅವನು ಮಡಿಸಿ ಇಟ್ಟಿರುತ್ತಾನೆ."

"ಶೀನನ ಮನೆಯ ಮಾಡು?"

"ಅದು ಸಮುದ್ರಕ್ಕೆ. ಅವನದು ಸ್ವಲ್ಪ ಕಷ್ಟ. ನಾವೆಲ್ಲ ಸೇರಿ ಹೊಸದು ಹೊದೆಸುತ್ತೇವೆ."

ಚೌಡಪ್ಪ ಅಲ್ಲಿ ನೀರು ಸಹ ಕುಡಿಯಲಿಲ್ಲ.

ನಡೆದೂ ನಡೆದೂ ಒಂದು ಬಯಲಿನ ಊರು ತಲುಪಿದ. ಗಟ್ಟಿ ನೆಲ. ಬೆಟ್ಟವಿಲ್ಲ, ಹೊಳೆಯಿಲ್ಲ, ಕಾಡಿಲ್ಲ. ಬಾವಿಗಳಲ್ಲಿ ಬೇಸಿಗೆಯಲ್ಲೂ ನೀರು. ಜಗಲಿಯ ಮೇಲೆ ಕೂತಿದ್ದ ಯಜಮಾನರನ್ನು ಕೇಳಿದ.

"ಇಲ್ಲಿ ಏನಾದರೂ ಆಗಿತ್ತೇ?"

ಯಜಮಾನರು ಬಹಳ ಹೊತ್ತು ಯೋಚಿಸಿದರು.

"ನಮ್ಮ ತಾತನ ಕಾಲದಲ್ಲಿ ಒಂದು ಎಮ್ಮೆ ಬಾವಿಗೆ ಬಿದ್ದಿತ್ತಂತೆ."

"ಆಮೇಲೆ?"

"ಆಮೇಲೆ ಏನೂ ಆಗಿಲ್ಲ."

ಚೌಡಪ್ಪನಿಗೆ ಕಣ್ಣಲ್ಲಿ ನೀರು ಬಂತು. ಅದೇ ದಿನ ಮನೆ ಹಿಡಿದ. ಗುರುಗಳಿಗೆ, "ಸಿಕ್ಕಿತು" ಎಂದು ಹೇಳಿಕಳಿಸಿದ. ಹೆಂಡತಿಗೂ ಹೇಳಿಕಳಿಸೋಣವೆಂದಿದ್ದ. ಆದರೆ ಅದಕ್ಕೂ ಮೊದಲು ಮನೆಯ ತೊಲೆ ಭೂಕಂಪ ತಡೆಯುತ್ತದೆಯೇ ಎಂದು ಒಂದು ಸಲ ನೋಡಿಬಿಡಬೇಕು ಅನ್ನಿಸಿತು.

ಬೆಳಗಾಗುತ್ತಲೇ ಏಣಿ ಇಟ್ಟು ತೊಲೆಯ ತನಕ ಹತ್ತಿದ. ಎರಡೂ ಕೈಯಿಂದ ತೊಲೆ ಹಿಡಿದು ಅಲ್ಲಾಡಿಸಿದ. ತೊಲೆ ಅಲ್ಲಾಡಲಿಲ್ಲ. ಏಣಿ ಜಾರಿತು.

ಬಿದ್ದವನಿಗೆ ಎಡಗಾಲು ಎತ್ತಲು ಆಗಲಿಲ್ಲ. ಬಾಗಿಲಿಗೆ ಒಳಗಿನಿಂದ ಅಗುಳಿ ಹಾಕಿದ್ದ, ಕಳ್ಳರ ಭಯಕ್ಕೆ. ಮಲಗಿದಲ್ಲಿಂದಲೇ, "ಯಾರಾದರೂ ಬನ್ನಿ" ಎಂದು ಕೂಗಿದ. ಬೆಳಿಗ್ಗೆಯಿಂದ ಸಂಜೆಯವರೆಗೆ ಕೂಗಿದ. ಮರುದಿನ ಬೆಳಿಗ್ಗೆ ಮತ್ತೆ ಶುರು ಮಾಡಿದ. ಗೋಡೆಯ ಆಚೆ ಜನ ಓಡಾಡುವುದು, ಮಾತಾಡುವುದು ಎಲ್ಲ ಕೇಳುತ್ತಿತ್ತು. ಒಬ್ಬರೂ ಬರಲಿಲ್ಲ. ಹೊಳೆ ಮನೆಯನ್ನು ಎಳೆದೊಯ್ದ ದಿನವೂ ಅವನಿಗೆ ಇಷ್ಟು ಹೆದರಿಕೆಯಾಗಿರಲಿಲ್ಲ.

ಕೊನೆಗೆ ಹಿತ್ತಿಲ ಗೋಡೆ ಹಾರಿ, ಹಿಂಬಾಗಿಲನ್ನು ಒದ್ದು ಮುರಿದು ಒಳಗೆ ಬಂದವಳು ಸೊಪ್ಪು ಮಾರುವ ಹೆಂಗಸು. ಅವಳ ಸೊಪ್ಪಿನ ಬುಟ್ಟಿ ಬೀದಿಯಲ್ಲಿ ಮಗುಚಿ ಬಿದ್ದಿತ್ತು.

"ಯಾವೂರಮ್ಮ ನಿನ್ನದು?" ಎಂದ ಚೌಡಪ್ಪ, ನೀರು ಕುಡಿದು.

"ಇಲ್ಲಿಂದ ಎರಡು ಹರಿದಾರಿ, ಕೆರೆ ಕೆಳಗಿನ ಊರು. ಎರಡು ಸಲ ಏರಿ ಒಡೆದು ಮುಳುಗಿದ್ದೀವಿ. ಯಾರಾದರೂ ಕೂಗಿದರೆ ಕಾಲು ತಾನಾಗಿ ಓಡುತ್ತಣ್ಣ."

ಅಷ್ಟರಲ್ಲಿ ಅಕ್ಕಪಕ್ಕದವರೂ ಬಂದು ನಿಂತರು. ಒಳ್ಳೆಯ ಜನ. ನಿಜವಾಗಿ ನೊಂದುಕೊಂಡರು.

"ನಮಗೆ ಗೊತ್ತಾಗಲಿಲ್ಲ," ಎಂದರು ಯಜಮಾನರು. "ಇಲ್ಲಿ ಯಾರೂ ಹಾಗೆ ಕೂಗಿದ್ದೇ ಇಲ್ಲ. ಆಶ್ರಮದವರು, ಭಜನೆ ಮಾಡುತ್ತಿದ್ದೀರಿ ಅಂದುಕೊಂಡೆವು."

"ದನಿ ಚೆನ್ನಾಗಿತ್ತು," ಎಂದರು ಅವರ ಮನೆಯವರು.

ಕಾಲಿಗೆ ಬಿದಿರಿನ ದಬ್ಬೆ ಕಟ್ಟಿಸಿಕೊಂಡು, ಆಶ್ರಮಕ್ಕೆ ಹೋಗುತ್ತೇನೆಂದು ಹೆಂಡತಿಗೆ ಹೇಳಿಕಳಿಸಿ, ಕೆಲವು ದಿನ ಕಳೆದ ಮೇಲೆ ಎತ್ತಿನ ಗಾಡಿಯಲ್ಲಿ ಮಲಗಿ ಚೌಡಪ್ಪ ಆಶ್ರಮಕ್ಕೆ ವಾಪಸಾದ. ಅಂಗಳದಲ್ಲಿ ಗುರುಗಳ ಎದುರು ಅಚ್ಚಮ್ಮ ಕೂತಿದ್ದಳು. ಮಗಳು ಹೊಸ ಹಲ್ಲು ತೋರಿಸಿ ನಕ್ಕಳು. ಗುರುತು ಹಿಡಿಯಲು ಅವನಿಗೆ ಒಂದು ಗಳಿಗೆ ಬೇಕಾಯಿತು.

"ಕಾಲು ಮುರಿದ ಸುದ್ದಿ ಬಂತು. ನಾಲ್ಕು ದಿನ ಆಯ್ತು ನಾವಿಲ್ಲಿಗೆ ಬಂದು," ಎಂದಳು ಅಚ್ಚಮ್ಮ. "ಈ ಗುಡ್ಡದ ಕೆಳಗಿನ ಊರಲ್ಲಿ ಮನೆ ಹಿಡಿದಿದ್ದೀನಿ."

"ಕೆಳಗೆ? ಹೊಳೆ ಹತ್ತಿರ?"

"ಹೂಂ."

"ಹೊಳೆ ಬಂದರೆ?"

"ಬರುತ್ತೆ. ಮನೆ ಮನೆಗೂ ಹೋಗಿ ಕೇಳಿದ್ದೀನಿ. ನೀರು ಎಲ್ಲಿವರೆಗೆ ಏರಿತ್ತು ಅಂತ ಗೋಡೆ ಮೇಲೆ ಗೆರೆ ಎಳೆದಿದ್ದಾರೆ. ನಮ್ಮ ಮನೆ ಅದಕ್ಕಿಂತ ಎರಡಾಳು ಮೇಲಿದೆ. ಅದನ್ನೂ ದಾಟಿದರೆ ಎಲ್ಲರೂ ಈ ಗುಡ್ಡಕ್ಕೆ ಬರೋದು. ಮಗಳನ್ನು ಎತ್ತಿಕೊಳ್ಳೋಕೆ ಪಕ್ಕದ ಮನೆ ಲಕ್ಕಣ್ಣ. ಮಗ್ಗ ಹೊರೋಕೆ ನಾಲ್ಕು ಜನ ಒಪ್ಪಿದ್ದಾರೆ."

"ಮಗ್ಗವೇ ಇಲ್ಲವಲ್ಲೇ."

"ಹೊರುವವರು ಸಿಕ್ಕಿದ್ದಾರೆ. ಮಗ್ಗ ನೀವು ಮಾಡಿಸಿಕೊಳ್ಳಿ."

ಚೌಡಪ್ಪ ಗುರುಗಳ ಕಡೆ ತಿರುಗಿದ. "ಗುರುಗಳೇ, ನೀವು ಹೇಳಿ. ಈ ಊರಿನಲ್ಲಿ ಅಪಾಯವಿಲ್ಲವೇ?"

ಗುರುಗಳು ಅಚ್ಚಮ್ಮನನ್ನು ಕೇಳಿದರು.

"ಕೊನೆಯ ಮನೆಯಲ್ಲಿ ಬೋರಜ್ಜಿ ಇದ್ದಾಳೆ. ಕಣ್ಣು ಕಾಣುವುದಿಲ್ಲ. ಅವಳನ್ನು ಹೊತ್ತು ತರುತ್ತಿದ್ದ ಮಗ ಹೋದ ವರ್ಷ ತೀರಿಕೊಂಡ. ಈ ಸಲ ಅವಳನ್ನು ಯಾರು ತರುತ್ತಾರೆ?"

"ಇವರು," ಎಂದಳು ಅಚ್ಚಮ್ಮ. "ಎಲ್ಲರ ಹತ್ತಿರ ಹೇಳಿ ಬಂದಿದ್ದೀನಿ."

"ನಾನೇ?" ಚೌಡಪ್ಪ ದಬ್ಬೆ ಕಟ್ಟಿದ ಕಾಲನ್ನು ನೋಡಿಕೊಂಡ.

"ಮಳೆಗಾಲಕ್ಕೆ ಇನ್ನೂ ಐದು ತಿಂಗಳಿದೆ. ಅಷ್ಟರಲ್ಲಿ ಕೂಡಿಕೊಳ್ಳುತ್ತೆ."

"ಅಜ್ಜಿ ಭಾರ ಇದ್ದರೆ?"

"ಎತ್ತಿ ನೋಡಿದೆ. ಅಷ್ಟೇನಿಲ್ಲ."

ಚೌಡಪ್ಪ ಕತ್ತು ಚಾಚಿ ಕೆಳಗಿನ ಊರನ್ನು ನೋಡಿದ. ಸಾಲು ಮನೆಗಳನ್ನು ಒಂದೊಂದಾಗಿ ದಾಟಿ ಅವನ ಕಣ್ಣು ಕೊನೆಯ ಮನೆಯ ಮೇಲೆ ನಿಂತಿತು.

"ಅಲ್ಲಿಂದ ಗುಡ್ಡಕ್ಕೆ ಹತ್ತಿರದ ದಾರಿ ಯಾವುದು?" ಎಂದು ಕೇಳಿದ. "ಅಜ್ಜಿಯನ್ನು ಬೆನ್ನ ಮೇಲೆ ಹೊರಬೇಕೋ, ಹೆಗಲ ಮೇಲೋ?"

ಗುರುಗಳು ಎದ್ದು ಮೈಮೇಲಿನ ವಸ್ತ್ರ ಸರಿಮಾಡಿಕೊಂಡರು.

"ಆ ಊರಿನ ಅಪಾಯ ಈಗ ಒಂದಾಳಿನಷ್ಟು ಕಡಿಮೆಯಾಯಿತು."