ಅರೆತಲೆನೋವಿಗೆ ಸಾಕ್ಷಿ

ಅರ್ಧ ತಲೆಯನ್ನಷ್ಟೇ ಒದ್ದು, ಹೆಜ್ಜೆಗುರುತೂ ಬಿಡದೆ ಓಡುವ ಕಳ್ಳ ಯಾರು? ಮೈಗ್ರೇನ್ ಅಂದ್ರಾ? ಅದು ಹೆಸರಾಯ್ತು. ರಕ್ತದಲ್ಲೋ ಉಗುಳಲ್ಲೋ ಅದು ಬಿಡುವ ಗುರುತು ಹೇಳಿ ನೋಡೋಣ! ಡಾಕ್ಟರಿಗೇ ಗೊತ್ತಿಲ್ಲ.

ವಿಮಲಾಕ್ಷಿ ಟೀಚರ ರಕ್ತ, ಉಗುಳು, ಕಣ್ಣೀರು ಲ್ಯಾಬಿನ ಪುಟ್ಟ ಬಾಟಲಿಗಳಲ್ಲಿ ನಡುಗುತ್ತಿದ್ದವು. ಎದುರಿಗೆ ಗಿರಗಿರ ತಿರುಗಿಸುವ ಯಂತ್ರ ಬಾಯಿ ತೆರೆದಿತ್ತು.

“ಆ ನೋವನ್ನು ಕಂಡವರಾರು? ಒಪ್ಪಿಕೊಂಡವರನ್ನು ತಿರುಗಿಸಿ ಸೀಳಿ ನೋಡುತ್ತೇನೆ” ಎಂದಿತು ಯಂತ್ರ.

“ನಾನು ಓಡಾಟದಲ್ಲಿದ್ದೆ ಸ್ವಾಮಿ, ಗಮನಿಸಲಿಲ್ಲ” ಎಂದಿತು ರಕ್ತ.

“ನಾನು ಬಾಯಿಯವನು. ತಲೆಯ ಉಸಾಬರಿ ನನಗೇಕೆ?” ಎಂದಿತು ಉಗುಳು.

ಕಣ್ಣೀರು ಬಿಕ್ಕಿತು: “ಯಾರಾದ್ರೂ ಹೇಳ್ರೋ! ಇಲ್ಲದಿದ್ರೆ ಟೀಚರದು ರಜೆಗಾಗಿ ನಾಟಕ ಅಂತಾರೆ. ಗುರುತು ಹುಡುಕೋಕೆ ಬೆನ್ನುಮೂಳೆಗೂ ಸೂಜಿ ಹಾಕ್ತಾರೆ!”

“ಅಷ್ಟು ಕನಿಕರವಿದ್ದರೆ ನೀನೇ ಹೇಳು ತಂಗಿ” ಎಂದಿತು ರಕ್ತ.

ಕಣ್ಣೀರು ಯಂತ್ರದ ಬಾಯಿ ನೋಡಿ ಬಾಟಲಿಯ ತಳಕ್ಕೆ ಸರಿಯಿತು.

ಪಕ್ಕದ ಕೋಣೆಯಲ್ಲಿ ನರ್ಸ್ ಉದ್ದನೆಯ ಸೂಜಿ ಬಿಚ್ಚಿದಳು. “ಬೆನ್ನು ಬಗ್ಗಿಸಿ ಮೇಡಂ, ಅಲ್ಲಾಡಬೇಡಿ.” ಟೀಚರ ಹಲ್ಲು ಕಟಕಟ ಎನ್ನುವುದು ಇಲ್ಲಿಗೂ ಕೇಳಿಸಿತು.

“ನಿಲ್ಲಿಸಿ! ನಾನು ಕಂಡಿದ್ದೇನೆ. ನನ್ನನ್ನು ತಿರುಗಿಸಿ!” ಎಂದು ರಕ್ತ ಚೀರಿತು.

ಈ ಚೀರಾಟ ಕಥೆ ಹೇಳುವ ನಾನು ಸೇರಿಸಿದ್ದು, ಕ್ಷಮಿಸಿ. ನಿಜಕ್ಕೂ ಮೂವರೂ ತೆಪ್ಪಗಿದ್ದರು, ಸೂಜಿ ಒಳಗೆ ಹೋಯಿತು.