ಬರಿಗೈಯಲ್ಲಿ ಬಂದ ಟೆಸ್ಟ್

ಒಂದು ಕಂಪ್ಯೂಟರ್ ಪ್ರೋಗ್ರಾಮಿನಲ್ಲಿ, ಬಂದ ಸಂಖ್ಯೆಗಳಲ್ಲಿ ಯಾವುದು ದೊಡ್ಡದೆಂದು ಹೇಳುವ ಫಂಕ್ಷನ್ ಇತ್ತು. ‘ಸಂಖ್ಯೆ ಎಷ್ಟಾದರೂ ಕಳಿಸಿ’ ಎಂದು ಬಾಗಿಲಿಗೆ ಬೋರ್ಡು ಹಾಕಿಕೊಂಡಿತ್ತು. ಮರುದಿನದಿಂದ ಅದಕ್ಕೆ ಆಸ್ಪತ್ರೆಯೊಂದರ ಮಕ್ಕಳ ವಾರ್ಡಿನಲ್ಲಿ ಕೆಲಸ. ಜ್ವರವಿರುವ ಮಕ್ಕಳ ಮೈಬಿಸಿಯ ಸಂಖ್ಯೆಗಳಷ್ಟೇ ಬರುತ್ತವೆ. ಅತಿ ಹೆಚ್ಚು ಜ್ವರ ಎಷ್ಟೆಂದು ಅದು ದಾದಿಗೆ ತಿಳಿಸಬೇಕು.

ಅದಕ್ಕೆ ಮೊದಲು, ಫಂಕ್ಷನ್ ಸರಿಯಾಗಿ ಕೆಲಸ ಮಾಡುತ್ತದೆಯೇ ಎಂದು ಪರೀಕ್ಷಿಸುವ ಟೆಸ್ಟ್ ಬಂದಿತು. ಮೂರು ಸಂಖ್ಯೆ ಕೊಟ್ಟಿತು, ಒಂದನ್ನೇ ಕೊಟ್ಟಿತು, ಮುನ್ನೂರನ್ನು ಸುರಿಯಿತು. ಎಲ್ಲಕ್ಕೂ ಸರಿಯಾದ ಉತ್ತರವೇ ಬಂತು. ಕೊನೆಗೆ ಟೆಸ್ಟ್ ಬರಿಗೈಯಲ್ಲಿ ಬಾಗಿಲು ತಟ್ಟಿತು. ಮೊದಲ ಸಂಖ್ಯೆಗೆಂದು ಕೈಚಾಚಿದ ಫಂಕ್ಷನ್ ಮುಗ್ಗರಿಸಿ ಬಿತ್ತು.

“ಬರಿಗೈಯಲ್ಲಿ ಬರಲು ನಾಚಿಕೆಯಾಗುವುದಿಲ್ಲವೇ?” ಎಂದು ಬಿದ್ದಲ್ಲಿಂದಲೇ ಗದರಿತು.

“ಬೋರ್ಡು ನಿಮ್ಮದೇ ಸ್ವಾಮಿ,” ಎಂದಿತು ಟೆಸ್ಟ್. “ಎಷ್ಟಾದರೂ ಎಂದ ಮೇಲೆ ಸೊನ್ನೆಯೂ ಸೇರಿತಲ್ಲವೇ? ಬೋರ್ಡನ್ನು ಅಳಿಸುತ್ತೀರೋ, ನೀವೇ ತಿದ್ದಿಕೊಳ್ಳುತ್ತೀರೋ?”

ಫಂಕ್ಷನ್ ಬೋರ್ಡನ್ನು ಮುಟ್ಟಲಿಲ್ಲ. ಆ ಫಂಕ್ಷನ್ ಬರೆದಿದ್ದ ಪ್ರೋಗ್ರಾಮರ್ ವಾರಿಜಾ ಅದರೊಳಗೆ ಒಂದು ಸಾಲು ಸೇರಿಸಿದಳು: ಯಾವ ಸಂಖ್ಯೆಯೂ ಬಾರದಿದ್ದರೆ, ಯಾವುದೂ ಬಂದಿಲ್ಲವೆಂದೇ ಹೇಳು.

ಮರುದಿನ ಬೆಳಿಗ್ಗೆ ದಾದಿ ಫಿಲೋಮಿನಾ ಗುಂಡಿ ಒತ್ತಿದರು. ವಾರ್ಡಿನಿಂದ ಒಂದು ಸಂಖ್ಯೆಯೂ ಬರಲಿಲ್ಲ. ಫಂಕ್ಷನ್ ಬೀಳಲಿಲ್ಲ.

“ಇವತ್ತು ಯಾವ ಮಗುವಿಗೂ ಜ್ವರವಿಲ್ಲ, ಸಿಸ್ಟರ್.”

“ಸದ್ಯ! ದೇವರು ದೊಡ್ಡವನು,” ಎಂದರು ಫಿಲೋಮಿನಾ.

ಯಾರು ದೊಡ್ಡವರೆಂದು ಆರಿಸುವುದೇ ಕಸುಬಾಗಿದ್ದ ಫಂಕ್ಷನ್, ಬರಿಗೈಯಲ್ಲಿ ಬಂದಿದ್ದ ಆ ಟೆಸ್ಟನ್ನು ನೆನೆದು ಕೈಮುಗಿಯಿತು.