ಜೋತುಬಿದ್ದ ಬಾಗಿಲು ಮತ್ತು ಸವೆದ ಪಿನ್ನು

ಶಿವನಂಜಪ್ಪ ಮೇಷ್ಟರ ಹಳೆಯ ಕಾರಿನ ಎಡಬಾಗಿಲು ಜೋತುಬಿದ್ದಿತ್ತು. ಎತ್ತಿ ಹಿಡಿದು ದೂಡಿದರೆ ಮಾತ್ರ ಮುಚ್ಚುತ್ತಿತ್ತು. ಬಾಗಿಲು ತನ್ನ ಕೀಲಿನ ಪಿನ್ನನ್ನು ಬೈಯಿತು: “ನೀನು ಸವೆದು ಸಡಿಲವಾದೆ. ನಿನ್ನಿಂದ ನನ್ನ ಮರ್ಯಾದೆ ಹೋಯಿತು.”

ಪಿನ್ನು ಹೇಳಿತು: “ಮೇಷ್ಟರ ಹೆಂಡತಿ ಪುಟ್ಟತಾಯಮ್ಮನವರಿಗೆ ಮಂಡಿನೋವು. ಇಳಿಯುವಾಗಲೆಲ್ಲ ನಿನ್ನ ಮೇಲೆ ಭಾರ ಹಾಕಿ ಏಳುತ್ತಿದ್ದರು. ಆ ಭಾರ ನನಗೆ ಬರುತ್ತಿತ್ತು. ಹಾಗೆ ಸವೆದೆ.”

“ಅವರಿಗೆ ಆಸರೆಯಾದದ್ದು ನಾನು. ನಿನ್ನನ್ನು ಅವರು ಕಂಡೂ ಇಲ್ಲ,” ಎಂದಿತು ಬಾಗಿಲು.

ಒಂದು ಬೆಳಿಗ್ಗೆ ಮೇಷ್ಟರು ಬಾಗಿಲಿನ ಅಡಿಗೆ ಜಾಕಿ ಕೊಟ್ಟರು. ಹಳೆಯ ಪಿನ್ನನ್ನು ಸುತ್ತಿಗೆಯಿಂದ ಬಡಿದು ತೆಗೆದು ಗುಜರಿ ಡಬ್ಬಕ್ಕೆ ಹಾಕಿ, ಹೊಸದನ್ನು ಕೂರಿಸಿದರು.

ನೋಡುತ್ತಿದ್ದ ತಂಗಿ ದಾಕ್ಷಾಯಿಣಿ, “ಅತ್ತಿಗೆಯೇ ಹೋದ ಮೇಲೆ ಇದೆಲ್ಲ ಯಾರಿಗಣ್ಣ?” ಎಂದಳು.

“ಇದ್ದಾಗ ಎಷ್ಟು ಸಲ ಕೇಳಿದ್ದಳು. ನಾಳೆ ನೋಡೋಣ ಅಂತಲೇ ಇದ್ದೆ,” ಎಂದು ಮೇಷ್ಟರು ಕೈ ಒರೆಸಿಕೊಳ್ಳುತ್ತ ಒಳಗೆ ಹೋದರು.

ಪುಟ್ಟತಾಯಮ್ಮ ತೀರಿಕೊಂಡದ್ದು ಬಾಗಿಲಿಗೆ ತಿಳಿದದ್ದೇ ಆಗ. ದುಃಖ ತಡೆಯಲಾರದೆ ಅದು ಹೊಸ ಪಿನ್ನಿಗೆ ಹೇಳಿತು: “ಏಳುವಾಗ ‘ಶಿವನೇ’ ಎಂದು ಮೆಲ್ಲಗೆ ನಗುತ್ತಿದ್ದರು. ನೆನಪಿದೆಯೇ?”

“ಕ್ಷಮಿಸಿ, ನಾನು ಅವರನ್ನು ಅರಿಯೆ,” ಎಂದಿತು ಹೊಸ ಪಿನ್ನು.

ಆ ಭಾರವನ್ನು ತನ್ನೊಡನೆ ಹೊತ್ತದ್ದು ಒಂದೇ ಒಂದು ಜೀವ. ಬಾಗಿಲು ಅದನ್ನು ಕೂಗಿ ಕರೆಯಿತು. ಅಷ್ಟರಲ್ಲಿ ದಾಕ್ಷಾಯಿಣಿ ಕರೆಸಿದ್ದ ಗುಜರಿಯವನು ಡಬ್ಬವನ್ನು ತನ್ನ ಗಾಡಿಗೆ ಸುರಿದುಕೊಳ್ಳುತ್ತಿದ್ದ. ಆ ಸದ್ದಿನಲ್ಲಿ ಬಾಗಿಲಿನ ಕೂಗು ಹಳೆಯ ಪಿನ್ನಿಗೆ ಕೇಳಿಸಲಿಲ್ಲ.